ಮಳೆಗಾಲ ಕಳೆದು ವ್ಯಾನಿನ ಆನಿಂಗ್ ಬಿಚ್ಚಿದರೆ ಇಡೀ ಕಪ್ಪು ಚುಕ್ಕೆ! ಉಳಿಸಬಹುದಾ?

ಕಟಪಾಡಿ ವ್ಯಾನ್
ನಮಸ್ಕಾರ ಎಲ್ಲರಿಗೂ. ಮಂಡೆಬಿಸಿಯಲ್ಲಿ ಬರೆಯುತ್ತಿದ್ದೇನೆ, ಉದ್ದ ಆದರೆ ಬೈಯಬೇಡಿ.

ನಮ್ಮದು ಹಳೆಯ ಟೆಂಪೋ ಟ್ರಾವೆಲರ್. ಎರಡು ವರ್ಷದ ಹಿಂದೆ ಒಳಗೆ ಮಂಚ, ಸಣ್ಣ ಅಡುಗೆ ಕಟ್ಟೆ ಎಲ್ಲ ಮಾಡಿಸಿ ಕ್ಯಾರವಾನ್ ಮಾಡಿಕೊಂಡೆವು. ಎಡಬದಿಗೆ ಒಂದು ಆನಿಂಗ್ ಇದೆ. ಎರಡೂವರೆ ಮೀಟರ್ ಉದ್ದ, ಅಷ್ಟೇ ಅಗಲ. ಜಿಪ್ ಹಾಕಿ ಸೇರಿಸುವ ಮೂರು ಗೋಡೆ ಬೇರೆ, ಅದರಲ್ಲಿ ಎರಡು ಪ್ಲಾಸ್ಟಿಕ್ ಕಿಟಕಿ. ಎಲ್ಲ ಸೇರಿಸಿದರೆ ಒಂದು ಕೋಣೆಯೇ ಆಗುತ್ತದೆ.

ಮೇ ಕೊನೆಗೆ ಮರವಂತೆಗೆ ಹೋಗಿದ್ದೆವು. ಹೊರಡುವ ದಿನ ಬೆಳಿಗ್ಗೆ ಸಣ್ಣ ಮಳೆ. ಬಟ್ಟೆಯಲ್ಲಿ ಒರೆಸಿ, ಮಡಚಿ ತಂದೆ. ಮನೆಗೆ ಬಂದು ಒಂದು ಮಧ್ಯಾಹ್ನ ಅಂಗಳದಲ್ಲಿ ಹಾಕಿದೆ, ಒಣಗಿದ ಹಾಗೇ ಇತ್ತು. ಧೂಳು ಬೀಳಬಾರದು ಅಂತ ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬಾಯಿ ಬಿಗಿದು ಅಟ್ಟಕ್ಕೆ ಏರಿಸಿದೆ. ಅಷ್ಟಮಿ ಕಳೆದ ಮೇಲೆ ಮೊನ್ನೆ ಭಾನುವಾರ ಇಳಿಸಿದೆ. ಚೀಲದ ಬಾಯಿ ಬಿಚ್ಚಿದ ವಾಸನೆಗೆ ಜಗಲಿಯಲ್ಲಿ ಮಲಗಿದ್ದ ನಾಯಿ ಎದ್ದು ಹೋಯಿತು. ಮಡಿಕೆ ಮಡಿಕೆಗೂ ಕಪ್ಪು ಚುಕ್ಕೆ, ಸಾಸಿವೆ ಚೆಲ್ಲಿದ ಹಾಗೆ. ಒಂದು ಕಿಟಕಿ ಇನ್ನೊಂದಕ್ಕೆ ಅಂಟಿಕೊಂಡಿದೆ. ಕಂಬದ ಒಂದು ಜಾಯಿಂಟ್ ಬಿಚ್ಚುವುದಕ್ಕೇ ಬರುವುದಿಲ್ಲ.

ದಸರಾ ರಜೆಗೆ ಮಕ್ಕಳನ್ನು ಕರೆದುಕೊಂಡು ಹೋಗುತ್ತೇನೆ ಅಂತ ಮಾತು ಕೊಟ್ಟಾಗಿದೆ. ಇದು ಉಳಿಯುತ್ತದಾ? ಮತ್ತೆ ಮುಂದಿನ ವರ್ಷ ನಮ್ಮ ಕಡೆಯ ಮಳೆಗಾಲಕ್ಕೆ ಇದನ್ನು ಎಲ್ಲಿ, ಹೇಗೆ ಇಡುವುದು? ಹೊರದೇಶದ ವಿಡಿಯೋಗಳಲ್ಲಿ "ತಣ್ಣಗಿನ ಒಣ ಜಾಗದಲ್ಲಿ ಇಡಿ" ಅನ್ನುತ್ತಾರೆ. ಜುಲೈಯಲ್ಲಿ ಉಡುಪಿಯಲ್ಲಿ ಒಣ ಜಾಗ ಎಲ್ಲಿದೆ ಹೇಳಿ!

ಸುರತ್ಕಲ್ 66
ಒಣ ಜಾಗ ಬ್ಯಾಂಕಿನ ಲಾಕರ್ ರೂಮಿನಲ್ಲಿ ಮಾತ್ರ. ಎಸಿ ಇರ್ತದೆ 😄

ಸುಮ್ನೆ ಓದುವವ
ಆನಿಂಗ್ ಅಂದ್ರೆ ಗಾಡಿಗೆ ಕಟ್ಟುವ ಚಪ್ಪರ ಅಲ್ವಾ? ಅದಕ್ಕೆ ಇಷ್ಟೆಲ್ಲಾ ಯಾಕೆ ಮಾರಾಯ್ರೆ. ನೀಲಿ ಟರ್ಪಾಲ್ ಒಂದು ತೆಗೆದುಕೊಂಡು ಹಗ್ಗ ಕಟ್ಟಿ. ಹಾಳಾದರೆ ಇನ್ನೊಂದು.

ರೆಕ್ಸಿನ್ ಕೆಲಸ
ಟರ್ಪಾಲ್‌ಗೆ ಬೂಷ್ಟು ಬರುವುದು ಕಮ್ಮಿ, ನಿಜ. ಆದರೆ ಅದನ್ನು ಬಿಸಿಲು ತಿನ್ನುತ್ತದೆ. ಒಂದೆರಡು ಬೇಸಿಗೆ ಕಳೆದರೆ ನೂಲು ನೂಲಾಗಿ ಉದುರುತ್ತದೆ. ಗಾಳಿ ಬಂದರೆ ರಾತ್ರಿ ಇಡೀ ಪಟಪಟ ಅಂತ ನಿದ್ದೆಯೂ ಇಲ್ಲ.

@ಕಟಪಾಡಿ ವ್ಯಾನ್, ನಾನು ಸೀಟು, ಹುಡ್ ಹೊಲಿಯುವವನು. ಈಗ ಎರಡು ವರ್ಷದಿಂದ ಇಂಥ ಆನಿಂಗ್ ಕೂಡ ರಿಪೇರಿಗೆ ಬರುತ್ತಿವೆ. ಮೊದಲು ಇದು ಎಂತ ಬಟ್ಟೆ ಅಂತ ಹೇಳಿ. ಅದು ಗೊತ್ತಿಲ್ಲದೆ ಯಾರ ಮಾತೂ ಕೇಳಬೇಡಿ, ನನ್ನದೂ ಸೇರಿ. ಮೂಲೆಯಲ್ಲಿ ಒಂದು ಸಣ್ಣ ಲೇಬಲ್ ಇರುತ್ತದೆ, ನೋಡಿ. ಅಕ್ರಿಲಿಕ್ ಆದರೆ ಒಂದು ದಾರಿ, ಪಾಲಿಕಾಟನ್ ಆದರೆ ಇನ್ನೊಂದು, ಪಿವಿಸಿ ಆದರೆ ಮತ್ತೊಂದು.

ಇನ್ನೊಂದು ಕೆಲಸ ಮಾಡಿ. ಒಳಮೈಯನ್ನು ಹೆಬ್ಬೆರಳಲ್ಲಿ ಗಟ್ಟಿಯಾಗಿ ಉಜ್ಜಿ ನೋಡಿ. ಬೆರಳಿಗೆ ಅಂಟಂಟು ಆದರೆ, ಅಥವಾ ಬಿಳಿ ಪೊರೆ ಹಪ್ಪಳದ ಹಾಗೆ ಎದ್ದು ಬಂದರೆ, ಆ ತುಂಡನ್ನು ಮರೆತುಬಿಡಿ.

ಕಟಪಾಡಿ ವ್ಯಾನ್
ನೋಡಿದೆ ಸರ್. ಮೇಲಿನ ಶೀಟ್ ಪಾಲಿಕಾಟನ್, 280 ಜಿಎಸ್‌ಎಂ ಅಂತ ಬರೆದಿದೆ. ಗೋಡೆಗಳು ಪಾಲಿಯೆಸ್ಟರ್, ನೀರು ತಡೆಯುವ ಪಿಯು (ಪಾಲಿಯುರೆಥೇನ್) ಕೋಟಿಂಗ್. ಮೇಲಿನದ್ದು ಉಜ್ಜಿದರೆ ಏನೂ ಆಗಲಿಲ್ಲ. ಎರಡು ಗೋಡೆಯೂ ಪರವಾಗಿಲ್ಲ. ಮೂರನೆಯದ್ದು, ಚೀಲದ ತಳದಲ್ಲಿ ಇದ್ದದ್ದು, ಹಲಸಿನ ಮೇಣದ ಹಾಗೆ ಅಂಟುತ್ತದೆ. ವಾಸನೆ ಬರುವುದು ಅದರದ್ದೇ. ಹುಳಿ ಹುಳಿ, ವಾಂತಿಯ ಹಾಗೆ.

ರೆಕ್ಸಿನ್ ಕೆಲಸ
ಅಂದರೆ ಅದು ಹೋಯಿತು. ಆ ವಾಸನೆ ಬೂಷ್ಟಿನದ್ದಲ್ಲ, ಪಿಯು ಕೋಟಿಂಗ್ ಒಡೆಯುತ್ತಿರುವ ವಾಸನೆ. ಬಿಸಿ ಮತ್ತೆ ತೇವ ಎರಡೂ ಸೇರಿದರೆ ಅದು ಬಿಟ್ಟುಕೊಳ್ಳುತ್ತದೆ. ತೊಳೆದರೆ ಸರಿಯಾಗುವ ಜಾತಿಯದ್ದಲ್ಲ. ಉಳಿದದ್ದಕ್ಕೆ ಜೀವ ಇದೆ.

ಕುಡ್ಲ ಅಕ್ಕ
ಬ್ಲೀಚಿಂಗ್ ಪೌಡರ್ ನೀರಲ್ಲಿ ಕಲಸಿ ಒಂದು ಗಂಟೆ ನೆನೆಸಿಡಿ. ಬಾವಿಕಟ್ಟೆ ಪಾಚಿಯೇ ಹೋಗ್ತದೆ, ಇದು ಹೋಗದಾ? ಅದಕ್ಕೂ ಹೋಗದಿದ್ದರೆ ಮೇಲಿಂದ ಸ್ವಲ್ಪ ವಿನೆಗರ್ ಹಾಕಿ, ಫಳಫಳ ಆಗ್ತದೆ.

ಮಣಿಪಾಲ ಲ್ಯಾಬ್
ಅಕ್ಕಾ, ದಯವಿಟ್ಟು ಬೇಡ! ಬ್ಲೀಚಿಗೆ ವಿನೆಗರ್ ಸೇರಿದರೆ ಕ್ಲೋರಿನ್ ಗ್ಯಾಸ್ ಏಳುತ್ತದೆ. ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಮಾಡಿದರೆ ಉಸಿರೇ ಕಟ್ಟಬಹುದು. ಇದನ್ನು ಓದುತ್ತಿರುವ ಎಲ್ಲರಿಗೂ ಹೇಳುತ್ತಿದ್ದೇನೆ, ಎರಡರಲ್ಲಿ ಒಂದು ಮಾತ್ರ. ಒಂದು ಹಾಕಿ ಆಗಿದ್ದರೆ ಚೆನ್ನಾಗಿ ತೊಳೆದು ಒಣಗಿಸದೆ ಇನ್ನೊಂದನ್ನು ಮುಟ್ಟಬೇಡಿ. ಟಾಯ್ಲೆಟ್ ತೊಳೆಯುವ ಆಸಿಡ್ ಕೂಡ ಬ್ಲೀಚಿನ ಹತ್ತಿರ ಬರಬಾರದು.

ಬಟ್ಟೆಯ ಲೆಕ್ಕಕ್ಕೂ ಬ್ಲೀಚ್ ಇಲ್ಲಿ ಸರಿಯಲ್ಲ. ಪಾಲಿಕಾಟನ್‌ನಲ್ಲಿ ಹತ್ತಿ ಇದೆ. ಬ್ಲೀಚ್ ಹತ್ತಿಯನ್ನೂ ಹೊಲಿಗೆಯ ನೂಲನ್ನೂ ಬಣ್ಣವನ್ನೂ ತಿನ್ನುತ್ತದೆ. ನೂಲು ಮಾಡುವಾಗಲೇ ಬಣ್ಣ ಸೇರಿಸಿದ ಅಕ್ರಿಲಿಕ್ ಬಟ್ಟೆ ಮಾತ್ರ ತೆಳು ಬ್ಲೀಚನ್ನು ತಡೆದುಕೊಳ್ಳುತ್ತದೆ.

ಕುಡ್ಲ ಅಕ್ಕ
ಅಯ್ಯೋ ದೇವರೇ. ನಾನು ಎರಡೂ ಒಟ್ಟಿಗೆ ಯಾವತ್ತೂ ಹಾಕಿಲ್ಲ, ಸುಮ್ನೆ ಬರೆದದ್ದು. ಎಡಿಟ್ ಮಾಡ್ಲಾ?

ಮಣಿಪಾಲ ಲ್ಯಾಬ್
ಬೇಡ ಅಕ್ಕ, ಇರಲಿ. ನಿಮ್ಮದು ಓದಿದವರು ಕೆಳಗೆ ನನ್ನದನ್ನೂ ಓದಲಿ.

ರೆಕ್ಸಿನ್ ಕೆಲಸ
ಸರಿ, ಈಗ ತೊಳೆಯುವ ಕ್ರಮ. ಮನೆ ಒಳಗೆ ಬೇಡ, ಅಂಗಳದಲ್ಲಿ. ಮೂಗಿಗೆ ಮಾಸ್ಕ್ ಹಾಕಿ, ಒಣ ಬೂಷ್ಟು ಉಜ್ಜಿದರೆ ಎಲ್ಲ ಮೂಗಿಗೇ ಬರುತ್ತದೆ. ಮೊದಲು ಬರೀ ನೀರು, ಮೆತ್ತಗಿನ ಬ್ರಷ್. ಆಮೇಲೆ ಒಂದು ಪಾಲು ಬಿಳಿ ವಿನೆಗರ್, ನಾಲ್ಕು ಪಾಲು ನೀರು. ಚುಕ್ಕೆ ಇರುವಲ್ಲಿ ಹಾಕಿ ಒಂದು ಗಂಟೆ ಬಿಡಿ, ಮತ್ತೆ ಬ್ರಷ್, ಮತ್ತೆ ನೀರು. ಎರಡು ಸಲ ಮಾಡಿ. ಕಪ್ಪು ಪೂರ್ತಿ ಹೋಗುವುದಿಲ್ಲ, ಈಗಲೇ ಹೇಳಿರುತ್ತೇನೆ. ಬೂಷ್ಟು ಸತ್ತರೂ ಅದರ ಕಲೆ ನೂಲಿಗೆ ಹಿಡಿದಿರುತ್ತದೆ.

ವಾಷಿಂಗ್ ಮೆಷಿನ್ ಬೇಡ. ಸರ್ವಿಸ್ ಸ್ಟೇಷನ್ನಿನ ಪ್ರೆಷರ್ ಗನ್ ಖಂಡಿತ ಬೇಡ, ಹೊಲಿಗೆಯ ತೂತು ದೊಡ್ಡದಾಗಿ ಕೋಟಿಂಗ್ ಕಿತ್ತು ಬರುತ್ತದೆ. ನನ್ನ ಹತ್ತಿರ ಬರುವ ಅರ್ಧ ಕೇಸು ಅದೇ.

ಸುರತ್ಕಲ್ 66
ಬಟ್ಟೆ ಸೋಪಿನ ಪುಡಿ ಹಾಕಬಹುದಾ? ನಾನು ನನ್ನ ಟೆಂಟನ್ನು ಅದರಲ್ಲೇ ತೊಳೆಯುವುದು.

ರೆಕ್ಸಿನ್ ಕೆಲಸ
ಆಮೇಲೆ ಮಳೆಗೆ ಸೋರುತ್ತದೆ ಅಲ್ವಾ?

ಸುರತ್ಕಲ್ 66
…ಸೋರುತ್ತದೆ.

ಮಣಿಪಾಲ ಲ್ಯಾಬ್
ಡಿಟರ್ಜೆಂಟಿನ ಕೆಲಸವೇ ನೀರು ಬಟ್ಟೆಯೊಳಗೆ ಹೋಗುವ ಹಾಗೆ ಮಾಡುವುದು. ಅದರ ಅಂಶ ನೂಲಿನಲ್ಲಿ ಉಳಿದರೆ ಮಳೆ ನೀರನ್ನೂ ಒಳಗೆ ಕರೆಯುತ್ತದೆ.

ಅಡಿಕೆ ಅಂಗಳ
ನೊರೆಕಾಯಿ ಆಗ್ತದಾ? ನಮ್ಮಲ್ಲಿ ಅಜ್ಜಿ ರೇಷ್ಮೆ ಸೀರೆಗೆ ಅದನ್ನೇ ಹಾಕುವುದು. ಮರ ಇದೆ, ಬೇಕಾದರೆ ಕಾರ್ಕಳಕ್ಕೆ ಬನ್ನಿ, ಒಂದು ಚೀಲ ಕೊಡುತ್ತೇನೆ.

ರೆಕ್ಸಿನ್ ಕೆಲಸ
ನಾನು ಪ್ರಯತ್ನ ಮಾಡಿಲ್ಲ ಭಾವ. ಮೂಲೆಯಲ್ಲಿ ಒಂದು ಅಂಗೈಯಷ್ಟು ಜಾಗದಲ್ಲಿ ಹಾಕಿ ನೋಡಿ ಹೇಳಿ. ಬಣ್ಣ ಕಂದು ತಿರುಗದಿದ್ದರೆ ಸಾಕು.

ಮಲ್ಪೆ ಬಂದರು
ಎಲ್ಲರೂ ಬೂಷ್ಟು ಬೂಷ್ಟು ಅಂತ ಕೂತಿದ್ದೀರಿ. ಮೂಲ ಯಾರಿಗೂ ಕಾಣಲಿಲ್ಲ. ಅಣ್ಣ ಹೋದದ್ದು ಎಲ್ಲಿಗೆ? ಮರವಂತೆಗೆ. ಒಂದು ಬದಿ ಕಡಲು, ಒಂದು ಬದಿ ಸೌಪರ್ಣಿಕಾ, ನಡುವೆ ಹೈವೇ. ಮೇ ಕೊನೆಯ ಗಾಳಿ. ಎರಡು ದಿನ ಅಲ್ಲಿ ನಿಂತ ಬಟ್ಟೆಯ ಮೇಲೆ ಎಷ್ಟು ಉಪ್ಪು ಕೂತಿರುತ್ತದೆ ಗೊತ್ತಾ? ಸೀನೀರಲ್ಲಿ ತೊಳೆದಿದ್ದೀರಾ?

ಕಟಪಾಡಿ ವ್ಯಾನ್
ಇಲ್ಲ. ಮಳೆಯಲ್ಲಿ ನೆನೆದಿತ್ತಲ್ಲಾ, ತೊಳೆದ ಹಾಗೇ ಆಯಿತು ಅಂದುಕೊಂಡೆ.

ಮಲ್ಪೆ ಬಂದರು
ಅದೇ. ಸಣ್ಣ ಮಳೆ ಉಪ್ಪನ್ನು ಕರಗಿಸಿ ನೂಲಿನ ಒಳಗೆ ಕಳುಹಿಸುತ್ತದೆ, ತೆಗೆಯುವುದಿಲ್ಲ. ಕಡಲಲ್ಲಿ ನೆನೆದ ಅಂಗಿಯನ್ನು ಹಾಗೇ ಒಣಗಿಸಿ ನೋಡಿ. ಮಧ್ಯಾಹ್ನ ಗರಿಗರಿ, ಸಂಜೆ ಆಗುವಾಗ ಮತ್ತೆ ಪಸೆ ಪಸೆ. ನಮ್ಮ ಬೋಟಿನಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ ಇದು.

ಮಣಿಪಾಲ ಲ್ಯಾಬ್
ಇವರು ಹೇಳಿದ್ದು ನೂರಕ್ಕೆ ನೂರು ಸರಿ, ನನಗೇ ಹೊಳೆಯಲಿಲ್ಲ. ಗಾಳಿಯ ತೇವ 75% ದಾಟಿದರೆ ಶುದ್ಧ ಉಪ್ಪು ಗಾಳಿಯಿಂದಲೇ ನೀರು ಹೀರಿ ಕರಗುತ್ತದೆ. ಕಡಲ ಉಪ್ಪಿನಲ್ಲಿ ಮೆಗ್ನೀಷಿಯಂ ಇರುವುದರಿಂದ ಅದು ಇನ್ನೂ ಬೇಗ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಕಲ್ಲುಪ್ಪಿನ ಭರಣಿ ಮುಚ್ಚಳ ತೆಗೆದರೆ ತಳದಲ್ಲಿ ನೀರು ನಿಂತಿರುತ್ತದಲ್ಲ, ಅದೇ ಲೆಕ್ಕ. ನಮ್ಮ ಕಡೆ ಜೂನ್‌ನಿಂದ ಆಗಸ್ಟ್‌ವರೆಗೆ ತೇವ 75ಕ್ಕಿಂತ ಕೆಳಗೆ ಇಳಿಯುವುದೇ ಅಪರೂಪ. ಅಂದರೆ ಉಪ್ಪು ಕೂತ ಬಟ್ಟೆ ಇಡೀ ಮಳೆಗಾಲ ಒದ್ದೆ. ನೀವು ಒಣಗಿಸಿಯೇ ಇಟ್ಟದ್ದು ಇರಬಹುದು. ಅದು ಒಣಗಿ ಉಳಿಯಲಿಲ್ಲ, ಅಷ್ಟೆ.

ಕಟಪಾಡಿ ವ್ಯಾನ್
ಉಪ್ಪಿನ ಭರಣಿಯ ವಿಷಯ ನನ್ನ ಹೆಂಡತಿಗೆ ಓದಿ ಹೇಳಿದೆ. "ಅದಕ್ಕೇ ನಾನು ಅವತ್ತು ಪೈಪ್ ಹಿಡಿದು ತೊಳೆಯಿರಿ ಅಂದದ್ದು" ಅಂದಳು. ಅವಳು ಹಾಗೆ ಹೇಳಿದ್ದು ನನಗೆ ನೆನಪಿಲ್ಲ, ಆದರೆ ಈಗ ವಾದ ಮಾಡುವ ಸ್ಥಿತಿಯಲ್ಲಿ ನಾನಿಲ್ಲ.

ಕುಡ್ಲ ಅಕ್ಕ
ಹೇಳಿರ್ತಾರೆ. ಖಂಡಿತ ಹೇಳಿರ್ತಾರೆ.

ಘಾಟಿ ರೈಡರ್
ಸ್ವಲ್ಪ ಬೇರೆ ವಿಷಯ. ಟೆಂಪೋ ಟ್ರಾವೆಲರ್‌ಗೆ ಹೀಗೆ ಮಂಚ, ಆನಿಂಗ್ ಎಲ್ಲ ಹಾಕಿದರೆ ಆರ್‌ಟಿಒದವರು ಹಿಡಿಯುವುದಿಲ್ವಾ?

ಸುರತ್ಕಲ್ 66
1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿ ಇರುವುದಕ್ಕಿಂತ ಬೇರೆ ಆಗುವ ಹಾಗೆ ಗಾಡಿ ಬದಲಾಯಿಸುವ ಹಾಗಿಲ್ಲ. ಕ್ಯಾರವಾನ್‌ಗೆ ಬೇರೆಯೇ ಸ್ಟ್ಯಾಂಡರ್ಡ್ ಇದೆ, ಎಐಎಸ್-124. ಕೇರಳದವರು 2021ರಲ್ಲಿ ಕ್ಯಾರವಾನ್ ಟೂರಿಸಂ ಅಂತಲೇ ಶುರು ಮಾಡಿದರು. ಇಲ್ಲಿ ನಾವು ಇನ್ನೂ…

ರೆಕ್ಸಿನ್ ಕೆಲಸ
ಅದಕ್ಕೆ ಬೇರೆ ಥ್ರೆಡ್ ಮಾಡಿ ಮಾರಾಯ್ರೆ. ಶುರು ಮಾಡಿದರೆ ಇನ್ನೂರು ಕಮೆಂಟ್ ಆಗ್ತದೆ.

ಚೆಂಡೆ ಪೆಟ್ಟು
ನಾನು ಒಂದು ಹೇಳಲಾ? ನನ್ನ ಮಾವ ಟೆಂಟು ಮೇಳದಲ್ಲಿ ಡೇರೆ ಕಟ್ಟುವ ಕೆಲಸದಲ್ಲಿ ಇದ್ದರು. ನಾಟಕದ ಡೇರೆ ಅಲ್ಲ, ಯಕ್ಷಗಾನದ್ದು. ಆರು ತಿಂಗಳು, ದಿನಾ ಒಂದು ಊರು. ಬೆಳಗಾಗುವಾಗ ಆಟ ಮುಗಿಯುತ್ತದೆ, ಡೇರೆ ಇಳಿಸುತ್ತಾರೆ, ಲಾರಿಗೆ ಹಾಕುತ್ತಾರೆ, ಮಧ್ಯಾಹ್ನ ಮುಂದಿನ ಊರಲ್ಲಿ ಮತ್ತೆ ಕಟ್ಟು. ಡಿಸೆಂಬರ್, ಜನವರಿಯಲ್ಲಿ ಬೆಳಿಗ್ಗೆ ಇಬ್ಬನಿಗೆ ಡೇರೆ ಹಿಂಡಿದರೆ ನೀರು ಬರುತ್ತಿತ್ತಂತೆ. ಒಣಗಿಸುವುದಕ್ಕೆ ಪುರುಸೊತ್ತು ಎಲ್ಲಿ? ಒದ್ದೆಯೇ ಸುತ್ತಿ ಲಾರಿಗೆ.

ಆದರೂ ಬೂಷ್ಟು ಬರುತ್ತಿರಲಿಲ್ಲ. ಯಾಕೆ ಅಂತ ನಾನು ಕೇಳಿದ್ದೆ. "ಸಂಜೆ ಒಳಗೆ ಮತ್ತೆ ಗಾಳಿಗೆ ಬಿಚ್ಚಿ ಆಗ್ತದಲ್ಲ" ಅಂದರು. ಅವರಿಗೆ ಹೆದರಿಕೆ ಇದ್ದದ್ದು ಪತ್ತನಾಜೆಗೆ, ಅಂದರೆ ಮೇಳದ ತಿರುಗಾಟ ಮುಗಿಯುವ ದಿನಕ್ಕೆ ಮಾತ್ರ. ಮೇ ಕೊನೆಗೆ ಮೇಳ ಒಳಗಾದ ಮೇಲೆ ಡೇರೆ ಕಟ್ಟಿಡಬೇಕು, ಮತ್ತೆ ಬಿಚ್ಚುವುದು ಮಳೆಗಾಲ ಕಳೆದ ಮೇಲೆ. ಆ ಒಂದು ಕಟ್ಟು ಮಾತ್ರ ಮಾವ ಬೇರೆಯವರ ಕೈಗೆ ಕೊಡುತ್ತಿರಲಿಲ್ಲ. ನಾಲ್ಕೈದು ದಿನ ಒಳ್ಳೆ ಬಿಸಿಲು ಗಾಳಿ ಸಿಗುವವರೆಗೆ ಕಾದು, ಹೊಲಿಗೆ ಹೊಲಿಗೆ ಕೆನ್ನೆಗೆ ಇಟ್ಟು ನೋಡುತ್ತಿದ್ದರು. ಕೈಗೆ ಗೊತ್ತಾಗದ ತಂಪು ಕೆನ್ನೆಗೆ ಗೊತ್ತಾಗುತ್ತದೆ ಅಂತ.

ರೆಕ್ಸಿನ್ ಕೆಲಸ
ಕೆನ್ನೆಗೆ ಇಡುವುದು! ಇದು ನಾನು ಇವತ್ತು ಕಲಿತದ್ದು. ಸರಿ ಅವರ ಮಾತು. ಶೀಟ್ ಒಣಗಿರುತ್ತದೆ, ಹೊಲಿಗೆ ಒಣಗಿರುವುದಿಲ್ಲ. ಅಲ್ಲಿ ಬಟ್ಟೆ ನಾಲ್ಕು ಪದರ, ಒಳಗೆ ದಪ್ಪ ಟೇಪು.

ಪಡುಬಿದ್ರೆ ಗಾಳಿ
ಟೆಂಟು ಮೇಳ ಈಗ ಎರಡೇ ಉಳಿದಿರುವುದು ಅಲ್ವಾ, ಸಾಲಿಗ್ರಾಮ ಮತ್ತೆ ಪೆರ್ಡೂರು? ನಾವು ಸಣ್ಣವರಿದ್ದಾಗ ಡೇರೆಯ ಅಡಿಯಿಂದ ನುಸುಳಿ ಒಳಗೆ ಹೋಗುತ್ತಿದ್ದೆವು. ನಿಮ್ಮ ಮಾವನ ಕೈಯಲ್ಲಿ ಪೆಟ್ಟು ತಿಂದಿರಬಹುದು 😂

ಚೆಂಡೆ ಪೆಟ್ಟು
ತಿಂದಿದ್ದರೆ ನಿಮಗೆ ಮರೆಯುತ್ತಿರಲಿಲ್ಲ.

ಅಡಿಕೆ ಅಂಗಳ
ಬಿಸಿಲಿಗೆ ಹಾಕಿ, ಬಿಸಿಲಿಗೆ ಹಾಕಿ ಅಂತ ಹೇಳುವಾಗ ಒಂದು ಎಚ್ಚರ. ನಮ್ಮ ಅಡಿಕೆ ಒಣಗಿಸುವ ಸೋಲಾರ್ ಶೀಟ್ ಬಿಸಿಲಿಗೆಂದೇ ಮಾಡಿದ್ದು, ಅದೂ ಕೆಲವು ವರ್ಷಕ್ಕೆ ಹರಿಯುತ್ತದೆ. ಈ ಪಾಲಿಯೆಸ್ಟರ್ ಎಲ್ಲ ದಿನಗಟ್ಟಲೆ ಬಿಸಿಲಲ್ಲಿ ಬಿಟ್ಟರೆ ಬಡವಾಗುತ್ತದೆ. ಎರಡು ಗಂಟೆ ಬಿಸಿಲು, ಉಳಿದದ್ದು ನೆರಳಿನ ಗಾಳಿ.

ಮತ್ತೆ ಹಲಸಿನ ಮರದ ಅಡಿ ಗಾಡಿ ನಿಲ್ಲಿಸಬೇಡಿ. ನನ್ನ ತಮ್ಮ ಆನಿಂಗ್ ಮೇಲೆ ಬಿದ್ದ ಮೇಣ ತೆಗೆಯಲಿಕ್ಕೆ ಸೀಮೆಎಣ್ಣೆ ಹಾಕಿ ಉಜ್ಜಿದ. ಮೇಣ ಹೋಯಿತು. ಕೋಟಿಂಗೂ ಹೋಯಿತು. ಈಗ ಅಂಗೈಯಗಲ ಜಾಗದಲ್ಲಿ ಆಕಾಶ ಕಾಣುತ್ತದೆ.

ಮಲ್ಪೆ ಬಂದರು
ಮೇಣಕ್ಕೆ ಐಸ್ ಇಡಿ. ಮೀನಿನ ಐಸ್ ಆದರೂ ಆಗುತ್ತದೆ, ಪ್ಲಾಸ್ಟಿಕ್‌ನಲ್ಲಿ ಕಟ್ಟಿ. ಗಟ್ಟಿಯಾದ ಮೇಲೆ ಉಗುರಲ್ಲಿ ಎಬ್ಬಿಸಿದರೆ ಚಕ್ಕೆ ಚಕ್ಕೆ ಬರುತ್ತದೆ.

ಬೆಂಗ್ಳೂರಿಂದ ಊರಿಗೆ
ನಮ್ಮದು ಗಾಡಿಗೇ ಫಿಕ್ಸ್ ಆಗಿರುವ ಸುರುಳಿ ಆನಿಂಗ್, ಹ್ಯಾಂಡಲ್ ತಿರುಗಿಸಿದರೆ ಪೆಟ್ಟಿಗೆ ಒಳಗೆ ಹೋಗುವಂಥದ್ದು. ಬಿಚ್ಚಿ ಒಳಗೆ ಇಡಲಿಕ್ಕೆ ಬರುವುದಿಲ್ಲ. ಅದಕ್ಕೆ ಏನು ಮಾಡುವುದು?

ಪಡುಬಿದ್ರೆ ಗಾಳಿ
ನನ್ನದೂ ಅದೇ. ಒದ್ದೆ ಸುತ್ತಬೇಕಾಗಿ ಬಂದರೆ ಮನೆಗೆ ಬಂದ ದಿನವೇ, ತಪ್ಪಿದರೆ ಮಾರನೆ ದಿನ, ಬಿಚ್ಚಬೇಕು. ಮಳೆಗಾಲದಲ್ಲಿ ಹದಿನೈದು ದಿನಕ್ಕೆ ಒಮ್ಮೆ, ಹೊಳವಾದ ದಿನ ನೋಡಿ ಪೂರ್ತಿ ಎಳೆದು ಒಂದು ಗಂಟೆ ಬಿಡುತ್ತೇನೆ. ನೆರೆಮನೆಯವರು "ಇವತ್ತು ಯಾವ ಬೀಚಿಗೆ?" ಅಂತ ಕೇಳುತ್ತಾರೆ, ಕೇಳಲಿ.

ಇನ್ನೊಂದು ಪೆಟ್ಟು ತಿಂದು ಕಲಿತದ್ದು. ಮಳೆಯಲ್ಲಿ ಆನಿಂಗ್ ಬಿಚ್ಚಿಟ್ಟರೆ ಒಂದು ಕಾಲು ತಗ್ಗಿಸಿ ಇಳಿಜಾರು ಮಾಡಲೇಬೇಕು. ಇಲ್ಲಿ ಲೆಕ್ಕ ಹಾಕಿ. ಎರಡೂವರೆಗೆ ಎರಡೂವರೆ ಮೀಟರ್ ಅಂದರೆ ಆರೂಕಾಲು ಚದರ ಮೀಟರ್. ಒಂದು ಸೆಂಟಿಮೀಟರ್ ಮಳೆ ಬಿದ್ದರೆ ಅದರ ಮೇಲೆ 62 ಲೀಟರ್ ನೀರು, ಅಂದರೆ 62 ಕಿಲೋ. ನಮ್ಮ ಕಡೆ ಒಂದು ಸೆಂಟಿಮೀಟರ್ ಮಳೆಗೆ ಎಷ್ಟು ಹೊತ್ತು ಬೇಕು? ಚಹಾ ಕುಡಿದು ಮುಗಿಯುವುದರೊಳಗೆ ಬಂದಿರುತ್ತದೆ. ನಡುವೆ ಹೊಟ್ಟೆ ಬಂದು ನೀರು ನಿಂತು, ನನ್ನದರ ಒಂದು ಕೈ ಕಬ್ಬು ಮುರಿದ ಹಾಗೆ ಮುರಿಯಿತು.

ಕಟಪಾಡಿ ವ್ಯಾನ್
ಕಂಬದ ಜಾಯಿಂಟ್ ಬಗ್ಗೆ ಯಾರೂ ಹೇಳಲಿಲ್ಲ. ಅಲ್ಯೂಮಿನಿಯಂ ಪೈಪ್. ಜಾಯಿಂಟಿನ ಹತ್ತಿರ ಬಿಳಿ ಹುಡಿ ಇದೆ. ಸುತ್ತಿಗೆಯಲ್ಲಿ ಹೊಡೆಯಲಾ?

ಮಲ್ಪೆ ಬಂದರು
ಹೊಡೆದರೆ ಪೈಪ್ ಚಪ್ಪಟೆ. ಒಳಗಿನ ಪಿನ್ ಕಬ್ಬಿಣದ್ದು ಇರಬೇಕು. ಅಲ್ಯೂಮಿನಿಯಂ, ಕಬ್ಬಿಣ ಎರಡು ತಾಗಿಕೊಂಡು ಉಪ್ಪು ನೀರು ಸೇರಿದರೆ ಅಲ್ಯೂಮಿನಿಯಂ ತಿನ್ನಲ್ಪಡುತ್ತದೆ, ಆ ಹುಡಿ ಅದರದ್ದೇ. ಮೊದಲು ಬಿಸಿನೀರು ಹೊಯ್ಯಿರಿ, ಆಮೇಲೆ ತುಕ್ಕು ಬಿಡಿಸುವ ಸ್ಪ್ರೇ ಹಾಕಿ ಒಂದು ರಾತ್ರಿ ಬಿಡಿ. ಮಾರನೆ ದಿನ ಇಬ್ಬರು ಹಿಡಿದು ತಿರುಚಿ, ಎಳೆಯಬೇಡಿ. ಬಿಟ್ಟ ಮೇಲೆ ಪಿನ್ ಬದಲಿಸಿ. ಸ್ಟೇನ್‌ಲೆಸ್ ಕೇಳುವಾಗ 316 ಅಂತ ಹೇಳಿ ಕೇಳಿ. 304 ಕೂಡ ಕಡಲ ಬದಿಯಲ್ಲಿ ಕಂದು ಕಲೆ ಬರಿಸುತ್ತದೆ. ಇನ್ನು ಮೇಲೆ ಇಡುವಾಗ ಪೈಪನ್ನು ಬಿಚ್ಚಿಯೇ ಇಡಿ, ಶೀಟಿನ ಒಳಗೆ ಸುತ್ತಬೇಡಿ.

ಜಿಪ್ಪಿಗೆ ಎಣ್ಣೆ ಹಾಕಬೇಡಿ, ಮರಳು ಹಿಡಿಯುತ್ತದೆ. ಮೊದಲು ಸೀನೀರಲ್ಲಿ ಹಳೆ ಹಲ್ಲುಜ್ಜುವ ಬ್ರಷ್, ಒಣಗಿದ ಮೇಲೆ ಮೇಣದಬತ್ತಿ ಉಜ್ಜಿ.

ಘಾಟಿ ರೈಡರ್
ಈ ಮಲ್ಪೆ ಅಣ್ಣನಿಗೆ ಇಷ್ಟು ಟೈಮ್ ಹೇಗೆ ಸಿಗ್ತದೆ? ಬೋಟ್ ಹೋಗಿಲ್ವಾ?

ಮಲ್ಪೆ ಬಂದರು
ಜೂನ್ 1ರಿಂದ ಜುಲೈ 31, 61 ದಿನ ರಜೆ ಮುಗಿದು ಒಂದು ಟ್ರಿಪ್ ಆಯಿತು. ಈಗ ಇಂಜಿನ್ ಕೆಲಸಕ್ಕೆ ನಿಂತಿದೆ. ಹಾಗಾಗಿ ನಿಮಗೆಲ್ಲ ಉಪದೇಶ.

ರಜೆಯಲ್ಲಿ ನಮಗೆ ಬಲೆಯದ್ದೇ ಕೆಲಸ. ನೈಲಾನ್ ಬಂದ ಮೇಲೆ ಕೊಳೆಯುವ ಚಿಂತೆ ಇಲ್ಲ. ನನ್ನ ಅಜ್ಜನ ಕಾಲದ ಹತ್ತಿ ಬಲೆಗೆ ಮರದ ತೊಗಟೆ ಕುದಿಸಿದ ಕಷಾಯ ಹಾಕಿ ಒಣಗಿಸುತ್ತಿದ್ದರು, ಇಲ್ಲದಿದ್ದರೆ ಒಂದೇ ಮಳೆಗಾಲಕ್ಕೆ ಬಲೆ ಕೈಯಲ್ಲಿ ಹರಿಯುತ್ತಿತ್ತು.

ಬೆಂಗ್ಳೂರಿಂದ ಊರಿಗೆ
ಸರಿ, ತೊಳೆದು ಒಣಗಿಸಿ ಆಯಿತು. ಇಡುವುದು ಎಲ್ಲಿ ಅಂತ ಇನ್ನೂ ಯಾರೂ ಹೇಳಲಿಲ್ಲವಲ್ಲ?

ಅಡಿಕೆ ಅಂಗಳ
ನಮ್ಮ ಮನೆಯಲ್ಲಿ ಬಚ್ಚಲು ಒಲೆಯ ಮೇಲಿನ ಅಟ್ಟ. ದಿನಾ ಬೆಂಕಿ ಇರುತ್ತದೆ, ಬೆಚ್ಚಗೆ. ಹಪ್ಪಳ, ಸಾಂತಣಿ, ಬಿತ್ತನೆ ಬೀಜ ಎಲ್ಲ ಅಲ್ಲೇ. ಹೊಗೆ ವಾಸನೆ ಬರ್ತದೆ, ಅದೊಂದೇ. ಆನಿಂಗ್ ಒಳಗೆ ಕೂತರೆ ನೀವೇ ಹಪ್ಪಳ ಅನಿಸಬಹುದು.

ಕುಡ್ಲ ಅಕ್ಕ
ನಾನು ಸೀರೆ ಕಪಾಟಿನೊಳಗೆ ಜೀರೋ ಬಲ್ಬ್ ಉರಿಸಿಡ್ತೇನೆ ಮಳೆಗಾಲ ಇಡೀ. ಅಮ್ಮ ಕಲಿಸಿದ್ದು. ಸೀರೆಗೆ ಇವತ್ತಿನವರೆಗೆ ಒಂದು ಚುಕ್ಕೆ ಬಂದಿಲ್ಲ. ಇದಾದರೂ ಸರಿ ಅಲ್ವಾ ಮಣಿಪಾಲದವರೇ? 😏

ಮಣಿಪಾಲ ಲ್ಯಾಬ್
ಇದು ಸರಿ ಅಕ್ಕ, ಪೂರ್ತಿ ಸರಿ. ಗಾಳಿ ಒಂದಿಷ್ಟು ಬೆಚ್ಚಗಾದರೆ ಅದರ ತೇವದ ಪ್ರಮಾಣ ಇಳಿಯುತ್ತದೆ. ಜೀರೋ ಅಂತ ಹೆಸರು, ಹಳೆ ಬಲ್ಬ್ 15 ವ್ಯಾಟ್ ಹತ್ತಿರ ತಿನ್ನುತ್ತದೆ, ಅದೆಲ್ಲ ಬಿಸಿಯೇ. ಆದರೆ ಈಗ ಅಂಗಡಿಯಲ್ಲಿ ಸಿಗುವ ಎಲ್‌ಇಡಿ ಜೀರೋ ಬಲ್ಬ್ ಹಾಕಿದರೆ ಬೆಳಕು ಮಾತ್ರ, ಬಿಸಿ ಇಲ್ಲ. ಮತ್ತೆ ಬಲ್ಬಿಗೆ ಬಟ್ಟೆ ತಾಗಬಾರದು, ಈ ಪಾಲಿಯೆಸ್ಟರ್ ಅಂತೂ ಬೇಗ ಕರಗುತ್ತದೆ.

ಕುಡ್ಲ ಅಕ್ಕ
ಅದಕ್ಕೇ! ಕಳೆದ ವರ್ಷ ಎಲ್‌ಇಡಿ ಹಾಕಿದ್ದೆ. ಧರ್ಮಾವರಂ ಸೀರೆಗೆ ವಾಸನೆ ಬಂತು ಅಂತ ಸೊಸೆಗೆ ಬೈದೆ ಪಾಪ.

ರೆಕ್ಸಿನ್ ಕೆಲಸ
ನಾನು ಗಿರಾಕಿಗಳಿಗೆ ಹೇಳುವುದು: ಮಡಚಬೇಡಿ, ಸಡಿಲವಾಗಿ ಸುತ್ತಿ. ಒಂದೇ ಗೆರೆಯಲ್ಲಿ ಮಡಚಿದರೆ ಅಲ್ಲೇ ಕೋಟಿಂಗ್ ಬಿರಿಯುತ್ತದೆ. ಕಿಟಕಿಯ ಪ್ಲಾಸ್ಟಿಕ್ ಮೇಲೆ ಹಳೆ ಹತ್ತಿ ಪಂಚೆ ಹಾಸಿ ಸುತ್ತಿ, ಅಂಟುವುದಿಲ್ಲ. ಪ್ಲಾಸ್ಟಿಕ್ ಚೀಲ ಬೇಡ, ಹತ್ತಿ ಚೀಲ ಅಥವಾ ಹಳೆ ಬೆಡ್‌ಶೀಟ್. ನೆಲಕ್ಕೆ, ಗೋಡೆಗೆ ತಾಗಬಾರದು. ಮಲಗುವ ಕೋಣೆಯ ಕಪಾಟಿನ ಮೇಲೆ ಇಟ್ಟರೂ ಆಗುತ್ತದೆ, ಅಟ್ಟಕ್ಕಿಂತ ಅದೇ ಒಳ್ಳೆಯದು. ಅಟ್ಟದಲ್ಲಿ ಇಟ್ಟದ್ದನ್ನು ಯಾರೂ ಮತ್ತೆ ಮುಟ್ಟುವುದಿಲ್ಲ.

ತೇವ ಹೀರುವ ಡಬ್ಬಿ ಸಿಗುತ್ತದೆ. ಅದರಲ್ಲಿ ನೀರು ತುಂಬುತ್ತದೆ, ನೆನಪಿರಲಿ. ಬಟ್ಟೆಯ ಮೇಲೆ ಇಟ್ಟು ಮಗುಚಿದರೆ ಮೊದಲಿಗಿಂತ ಕಷ್ಟ. ನುಸಿ ಗುಳಿಗೆಯನ್ನು ಪ್ಲಾಸ್ಟಿಕ್ ಕಿಟಕಿಗೆ ತಾಗುವ ಹಾಗೆ ಹಾಕಬೇಡಿ.

ಪಡುಬಿದ್ರೆ ಗಾಳಿ
ಇಲಿ? ಹತ್ತಿ ಚೀಲ ಅಂದರೆ ಇಲಿಗೆ ಬಾಣಂತಿ ಕೋಣೆ.

ಅಡಿಕೆ ಅಂಗಳ
ತೂಗುಹಾಕಿ. ಮೊಸರಿನ ಗಡಿಗೆ ನೆಲುವಿನಲ್ಲಿ ತೂಗುತ್ತಿದ್ದದ್ದು ಸುಮ್ನೆ ಅಲ್ಲ. ಮಾಡಿನ ಪಕ್ಕಾಸಿಗೆ ಎರಡು ಹಗ್ಗ, ಹಗ್ಗದ ನಡುವೆ ಒಂದೊಂದು ತೆಂಗಿನ ಗೆರಟೆ ಬೋರಲು ಹಾಕಿ. ಇಲಿ ಇಳಿಯುತ್ತಾ ಬಂದು ಗೆರಟೆಯ ಮೇಲೆ ಕಾಲು ಜಾರಿ ವಾಪಸ್ ಹೋಗುತ್ತದೆ. ಸುತ್ತಲೂ ಗಾಳಿಯೂ ಆಡುತ್ತದೆ.

ಸುರತ್ಕಲ್ 66
ಫ್ಲ್ಯಾಟಿನಲ್ಲಿ ಪಕ್ಕಾಸು ಎಲ್ಲಿಂದ ತರುವುದು ಭಾವ.

ಅಡಿಕೆ ಅಂಗಳ
ಫ್ಯಾನಿನ ಕೊಕ್ಕೆ ಇಲ್ವಾ.

ಕಟಪಾಡಿ ವ್ಯಾನ್
ಮೂರು ವಾರದ ನಂತರ ವರದಿ ಒಪ್ಪಿಸುತ್ತಿದ್ದೇನೆ.

ಎರಡು ಸಲ ವಿನೆಗರ್ ನೀರು ಹಾಕಿ ತೊಳೆದೆ. ನೊರೆಕಾಯಿ ಒಂದು ಮೂಲೆಗೆ ಹಾಕಿ ನೋಡಿದೆ, ಮಣ್ಣು ಹೋಯಿತು, ಚುಕ್ಕೆಗೆ ಅದರಿಂದ ಏನೂ ಆಗಲಿಲ್ಲ. ಕಪ್ಪು ಹೋಗಿ ಈಗ ಬೂದಿ ಬಣ್ಣ. ವಾಸನೆ ಇಲ್ಲ. ಅಂಟಿದ ಕಿಟಕಿಗಳನ್ನು ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ ಬಿಡಿಸಿದೆವು, ಒಂದರಲ್ಲಿ ಗೀರು ಉಳಿಯಿತು. ಕಂಬದ ಜಾಯಿಂಟ್ ಮೂರನೇ ದಿನ ಬಿಟ್ಟಿತು. ಬಿಟ್ಟ ರಭಸಕ್ಕೆ ನಾನು ತುಳಸಿಕಟ್ಟೆಯ ಹತ್ತಿರ ಕೂತಿದ್ದೆ.

ಒಣಗಿದ ಮೇಲೆ ಮೇಲಿನ ಶೀಟಿಗೆ ಚೆಂಬಿನಲ್ಲಿ ನೀರು ಹೊಯ್ದು ನೋಡಿದೆ. ನೀರು ಹನಿಯಾಗಿ ಉರುಳದೆ ಹಾಗೇ ಒಳಗೆ ಇಳಿಯಿತು. ಇದಕ್ಕೆ ಏನು?

ರೆಕ್ಸಿನ್ ಕೆಲಸ
ನೀರು ತಡೆಯುವ ಸ್ಪ್ರೇ ಸಿಗುತ್ತದೆ, ಟೆಂಟಿಗೆ ಹಾಕುವಂಥದ್ದು. ಪೂರ್ತಿ ಒಣಗಿರುವಾಗ ಎರಡು ತೆಳು ಕೋಟ್. ಹೊಲಿಗೆಗೆ ಬೇರೆ ಸೀಲರ್. ಆಮೇಲೆ ನೀರು ಹಾಕಿದರೆ ಕೆಸುವಿನ ಎಲೆಯ ಮೇಲೆ ಉರುಳಿದ ಹಾಗೆ ಉರುಳಬೇಕು. ಉರುಳದಿದ್ದಲ್ಲಿ ಮಾತ್ರ ಇನ್ನೊಂದು ಕೋಟ್.

ಘಾಟಿ ರೈಡರ್
ಕೆಸುವಿನ ಎಲೆ ಅಂದ ಕೂಡಲೇ ಪತ್ರೊಡೆ ನೆನಪಾಯಿತು. ಈ ಸಲ ಆಟಿಯಲ್ಲಿ ಊರಿಗೆ ಬರಲೇ ಇಲ್ಲ 😭

ಕುಡ್ಲ ಅಕ್ಕ
ಈಗಲೂ ಎಲೆ ಇದೆ ನಮ್ಮ ಹಿತ್ತಿಲಲ್ಲಿ, ಸ್ವಲ್ಪ ಬಲಿತಿದೆ. ಹುಣಿಸೆಹುಳಿ ಜಾಸ್ತಿ ಹಾಕಿದರೆ ಆಯ್ತು, ತುರಿಸುವುದಿಲ್ಲ.

ಸುಮ್ನೆ ಓದುವವ
ಕಟಪಾಡಿ ಅಣ್ಣ, ಆ ಅಂಟು ಗೋಡೆ ಬಿಸಾಡಿದ್ರಾ? ಇಲ್ಲದಿದ್ದರೆ ನನಗೆ ಬೇಕಿತ್ತು. ಕೋಳಿಗೂಡಿನ ಮೇಲೆ ಹಾಕಲಿಕ್ಕೆ.

ಕಟಪಾಡಿ ವ್ಯಾನ್
ಗೇಟಿನ ಹೊರಗೆ ಇದೆ, ತೆಗೆದುಕೊಂಡು ಹೋಗಿ. ನೀಲಿ ಟರ್ಪಾಲ್ ಸಾಕು ಅಂದವರು ನೀವೇ ಅಲ್ವಾ?

ಸುಮ್ನೆ ಓದುವವ
ಅದು ಮೊನ್ನೆ ಗಾಳಿಗೆ ಹರಿಯಿತು.